ಫೋರ್ ವೀಲ್ ಜೀಪಿನ ಮುಂದುಗಡೆಯ ಹೌಸಿಂಗ್ ಸದ್ದು ಮಾಡ್ತಿದೆಯಾ? ಸ್ಪ್ಯಾನರ್ ಎತ್ತುವ ಮೊದಲು ಲಿವರ್ ಹಾಕಿ ನೋಡಿ

ಮಳೆಗಾಲ ಮುಗಿಯುತ್ತಿದ್ದ ಹಾಗೆ ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ಗ್ಯಾರೇಜುಗಳ ಮುಂದೆ ಜೀಪುಗಳು ಸಾಲುಗಟ್ಟುತ್ತವೆ. ಬಂದವರ ದೂರು ಹೆಚ್ಚುಕಮ್ಮಿ ಒಂದೇ: "ಅಣ್ಣಾ, ಮುಂದುಗಡೆಯಿಂದ ಏನೋ ಸೌಂಡ್ ಬರ್ತಿದೆ." ಉತ್ತರವೂ ಹೆಚ್ಚುಕಮ್ಮಿ ಒಂದೇ: "ಕ್ರಾಸ್ ಹೋಗಿರ್ಬೇಕು ಸಾರ್, ಹಾಕಿ ನೋಡೋಣ." ಕ್ರಾಸ್ (ಶಾಫ್ಟ್ ಬಾಗಿದರೂ ತಿರುಗುವಂತೆ ಮಾಡುವ ಕೀಲು) ಹೊಸದಾಗುತ್ತದೆ, ಸದ್ದು ಹಾಗೇ ಇರುತ್ತದೆ. ಆಮೇಲೆ ವೀಲ್ ಬೇರಿಂಗ್ ಹಾಕುತ್ತಾರೆ. ಅದೂ ಅಲ್ಲ ಅಂತಾದ ಮೇಲೆ ಹೌಸಿಂಗ್, ಅಂದರೆ ಮುಂದಿನ ಚಕ್ರಗಳ ನಡುವಿನ ಗೇರುಗಳ ಕವಚ, ಕೆಳಗಿಳಿಯುತ್ತದೆ.

ಮೆಕ್ಯಾನಿಕ್‌ನನ್ನು ಬೈದು ಪ್ರಯೋಜನವಿಲ್ಲ. ಮುಂದಿನ ಭಾಗದಲ್ಲಿ ಎಲ್ಲವೂ ಒಂದಕ್ಕೊಂದು ಬಿಗಿದ ಕಬ್ಬಿಣ. ಎಡ ಚಕ್ರದ ಸದ್ದು ಬಲಗಡೆ ಕೂತವರ ಕಾಲಡಿ ಕೇಳಿಸುತ್ತದೆ. ಹಾಗಾಗಿ ಬರೀ ಕಿವಿ ನಂಬಿ ಜಾಗ ಹೇಳಲು ಹೋದರೆ ತಪ್ಪುವುದೇ ಜಾಸ್ತಿ. ಆದರೆ ಫೋರ್ ವೀಲ್ ಗಾಡಿಗೆ ಒಂದು ಅನುಕೂಲವಿದೆ, ಮಾಮೂಲಿ ಕಾರಿಗೆ ಅದಿಲ್ಲ. ಮುಂದಿನ ಯಾವ ಭಾಗ ತಿರುಗಬೇಕು, ಯಾವುದು ಸುಮ್ನೆ ನಿಂತಿರಬೇಕು ಅನ್ನುವುದನ್ನು ಚಾಲಕನೇ ಲಿವರ್ ಮತ್ತು ಹಬ್‌ನಿಂದ ತೀರ್ಮಾನಿಸಬಹುದು. ಒಂದೊಂದೇ ಭಾಗವನ್ನು ತಿರುಗಿಸುತ್ತಾ, ನಿಲ್ಲಿಸುತ್ತಾ ಹೋದರೆ ಒಂದು ಬೋಲ್ಟ್ ಬಿಚ್ಚದೆ ಅರ್ಧಕ್ಕಿಂತ ಜಾಸ್ತಿ ಅನುಮಾನ ಕಳಚುತ್ತದೆ.

ಇಲ್ಲಿ ಹೇಳುವುದು ಚಿಕ್ಕ ಲಿವರ್ ಅಥವಾ ಸ್ವಿಚ್‌ನಲ್ಲಿ 2ಎಚ್ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ), 4ಎಚ್ (ನಾಲ್ಕಕ್ಕೂ), 4ಎಲ್ (ನಾಲ್ಕಕ್ಕೂ, ನಿಧಾನ ಗೇರಿನಲ್ಲಿ) ಇರುವ ಗಾಡಿಗಳ ಬಗ್ಗೆ. ಹಳೇ ಮಹೀಂದ್ರ ಜೀಪು, ಜಿಪ್ಸಿ, ಥಾರ್, ಜಿಮ್ನಿ ಎಲ್ಲ ಈ ಗುಂಪಿನವು. ಸದಾ ನಾಲ್ಕೂ ಚಕ್ರ ಎಳೆಯುವ ಅಥವಾ ಕಂಪ್ಯೂಟರೇ ಮುಂದೆ ಹಿಂದೆ ಬಲ ಹಂಚುವ ಕಾರುಗಳಿಗೆ ಈ ಲಿವರ್ ಪರೀಕ್ಷೆ ಮಾಡಬೇಡಿ.

ಏನೇನಿದೆ ಮುಂದೆ

ಗೇರ್ ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್, ಎಂಜಿನ್ ಬಲವನ್ನು ಹಿಂದಕ್ಕೂ ಮುಂದಕ್ಕೂ ಕಳಿಸುವ ಪೆಟ್ಟಿಗೆ. ಅಲ್ಲಿಂದ ಮುಂದಕ್ಕೆ ಒಂದು ಪ್ರೊಪೆಲ್ಲರ್ ಶಾಫ್ಟ್, ಅದರ ಎರಡೂ ತುದಿಗೆ ಕ್ರಾಸ್, ನಡುವೆ ಉದ್ದ ಹೆಚ್ಚುಕಡಿಮೆ ಆಗಲು ಹಲ್ಲಿರುವ ಸ್ಲಿಪ್ ಜಾಯಿಂಟ್. ಶಾಫ್ಟ್ ಬಂದು ಸೇರುವುದು ಮುಂದಿನ ಡಿಫರೆನ್ಷಿಯಲ್‌ಗೆ (ಬಲವನ್ನು ಎರಡೂ ಚಕ್ರಕ್ಕೆ ಹಂಚುವ ಗೇರುಗಳ ಗುಂಪು), ಅದರ ಕ್ರೌನ್ ಪಿನಿಯನ್‌ ಗೇರುಗಳಿಗೆ. ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಆಕ್ಸಲ್. ಚಕ್ರದ ಹತ್ತಿರ ಆಕ್ಸಲ್ ಬಾಗಬೇಕಲ್ವಾ, ಸ್ಟೇರಿಂಗ್ ತಿರುಗಿಸಲು? ಅಲ್ಲೊಂದು ಜಾಯಿಂಟ್. ಹಳೇ ಜೀಪುಗಳಲ್ಲಿ ಹೆಚ್ಚಾಗಿ ಅಲ್ಲೂ ಕ್ರಾಸ್. ಜಿಪ್ಸಿಯಲ್ಲಿ ದುಂಡನೆಯ ಉಕ್ಕಿನ ಚಿಪ್ಪಿನೊಳಗೆ ಗುಂಡುಗಳಿರುವ ಸಿವಿ ಜಾಯಿಂಟ್. ಹೆಚ್ಚಿನ ಥಾರ್‌ಗಳಲ್ಲಿ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಎರಡೂ ಚಕ್ರ ಬೇರೆ ಬೇರೆಯಾಗಿ ಏರಿಳಿಯುವಂಥದ್ದು) ಇರುವುದರಿಂದ ರಬ್ಬರ್ ಬೂಟ್ ಹಾಕಿದ ಸಿವಿ ಆಕ್ಸಲ್‌ಗಳು ಹೊರಗೇ ಕಾಣಿಸುತ್ತವೆ. ಕೊನೆಗೆ ಹಬ್ ಮತ್ತು ವೀಲ್ ಬೇರಿಂಗ್.

ಹಂತ 1: ಸದ್ದನ್ನು ಎಣಿಸಿ

"ಕಟಕಟ" ಅಂತೀರೋ "ಗಡಗಡ" ಅಂತೀರೋ, ಅದು ಮುಖ್ಯವಲ್ಲ. ಎಷ್ಟು ವೇಗವಾಗಿ ಬರುತ್ತಿದೆ ಅನ್ನುವುದು ಮುಖ್ಯ.

ಜೀಪಿನ ಟಯರ್ ಒಂದು ಸುತ್ತು ಸುತ್ತಿದರೆ ಗಾಡಿ ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಎರಡೂವರೆ ಸುತ್ತು. ಪ್ರೊಪೆಲ್ಲರ್ ಶಾಫ್ಟ್ ಅದಕ್ಕಿಂತ ಹೆಚ್ಚುಕಮ್ಮಿ ನಾಲ್ಕರಿಂದ ಐದು ಪಟ್ಟು ಜೋರಾಗಿ ತಿರುಗುತ್ತದೆ, ಯಾಕೆಂದರೆ ಕ್ರೌನ್ ಪಿನಿಯನ್‌ನಲ್ಲಿ ವೇಗ ಇಳಿಯುವುದು ಅಷ್ಟು. ಅಂದರೆ ಅದೇ 20ರಲ್ಲಿ ಶಾಫ್ಟ್ ಸೆಕೆಂಡಿಗೆ ಹತ್ತು ಹನ್ನೆರಡು ಸುತ್ತು.

ಇದರ ಅರ್ಥ ಇಷ್ಟೇ. 20ರಲ್ಲಿ ಹೋಗುವಾಗ "ಟಕ್… ಟಕ್… ಟಕ್" ಅಂತ ಬೆರಳು ಮಡಚಿ ಎಣಿಸಲು ಆಗುವಂತಿದ್ದರೆ ಅದು ಚಕ್ರದ ವೇಗದ ಸದ್ದು: ಆಕ್ಸಲ್ ಜಾಯಿಂಟ್, ಹಬ್, ಬ್ರೇಕ್, ಟಯರ್. ಎಣಿಸಲಾಗದೆ "ಟರ್ರ್" ಅಂತ ಸೇರಿಹೋದರೆ ಶಾಫ್ಟಿನ ವೇಗದ್ದು: ಪ್ರೊಪೆಲ್ಲರ್ ಶಾಫ್ಟ್, ಅದರ ಕ್ರಾಸ್, ಪಿನಿಯನ್. ಅನುಮಾನ ಬಂದರೆ ನಡೆಯುವ ವೇಗಕ್ಕೆ ಇಳಿಸಿ. ಆಗ ಚಕ್ರ ಒಂದು ಸುತ್ತು ಬರಲು ಒಂದೂವರೆ ಸೆಕೆಂಡು ಬೇಕು, ಶಾಫ್ಟ್ ಮಾತ್ರ ಸೆಕೆಂಡಿಗೆ ಮೂರರಷ್ಟು ಸುತ್ತುತ್ತಿರುತ್ತದೆ. ಎಂಜಿನ್ ರೇಸ್ ಮಾಡಿದಾಗ ನಿಂತಲ್ಲೇ ಸದ್ದು ಬಂದರೆ ನೀವು ಹುಡುಕುತ್ತಿರುವುದು ಇಲ್ಲಿಲ್ಲ. ಸೈಲೆನ್ಸರ್ ಕ್ಲ್ಯಾಂಪೋ ಎಂಜಿನ್ ಮೌಂಟಿಂಗೋ ನೋಡಿ.

ಪಕ್ಕದಲ್ಲಿ ಯಾರಾದರೂ ಕೂತು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಒಳ್ಳೆಯದು. ಗ್ಯಾರೇಜಿಗೆ ಹೋದ ದಿನ ಸದ್ದು ಬಾರದೇ ಇರುವುದು ಮಾಮೂಲಿ.

ಹಂತ 2: ಪುಕ್ಕಟೆ ಕಾರಣಗಳನ್ನು ಮೊದಲು ಮುಗಿಸಿ

ಜಾಕ್, ಲಿವರ್ ರಾಡ್, ಕತ್ತಿ, ಡೀಸೆಲ್ ಕ್ಯಾನ್ ಎಲ್ಲ ಇಳಿಸಿ. ಬ್ರೇಕ್ ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಜಲ್ಲಿಕಲ್ಲು ಸಿಕ್ಕಿಕೊಂಡಿದೆಯಾ ನೋಡಿ. ಜಲ್ಲಿ ರಸ್ತೆಯಲ್ಲಿ ಓಡಾಡುವ ಗಾಡಿಗಳಲ್ಲಿ ಕಿವಿ ಕೊರೆಯುವ "ಕರ್‍ರ್" ಸದ್ದಿಗೆ ಇದಕ್ಕಿಂತ ಸಾಮಾನ್ಯವಾದ ಕಾರಣ ಇನ್ನೊಂದಿಲ್ಲ. ಸ್ಕ್ರೂ ಡ್ರೈವರ್‌ನಿಂದ ತಗಡನ್ನು ಸ್ವಲ್ಪ ಹೊರಗೆ ಬಗ್ಗಿಸಿದರೆ ಕಲ್ಲು ಬಿದ್ದುಹೋಗುತ್ತದೆ. ಶಾಫ್ಟಿಗೆ ಬೇಲಿ ತಂತಿ, ಬಳ್ಳಿ, ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಿದ್ದರೂ ವಿಚಿತ್ರ ಸದ್ದು ಬರುತ್ತದೆ.

ಗಾಡಿಯ ಕೆಳಗೆ ತೂರಿದಾಗಲೇ ಇನ್ನು ಮೂರು ಜಾಗ ನೋಡಿಬಿಡಿ. ಕ್ರಾಸಿನ ಬಟ್ಟಲುಗಳ ಅಂಚಿನಲ್ಲಿ ಕೆಂಪು ತುಕ್ಕಿನ ಪುಡಿ ಕಂಡರೆ ಒಳಗೆ ಗ್ರೀಸ್ ಒಣಗಿದೆ, ಸೂಜಿ ಬೇರಿಂಗ್‌ಗಳು ತಿಂದುಹೋಗುತ್ತಿವೆ. ಸಿವಿ ಬೂಟ್ ಹರಿದಿದ್ದರೆ ಚಕ್ರದ ಒಳಗೋಡೆಗೆ, ಶಾಕ್ ಅಬ್ಸಾರ್ಬರ್‌ಗೆ ಕಪ್ಪು ಗ್ರೀಸ್ ಸಿಡಿದಿರುತ್ತದೆ. ಜಿಪ್ಸಿಯಾದರೆ ಚಕ್ರದ ಹಿಂದಿನ ಉಕ್ಕಿನ ಗುಂಡನ್ನು ಒರೆಸಿ ನೋಡಿ. ಗಟ್ಟಿ ಗ್ರೀಸಿನ ಬದಲು ತೆಳ್ಳನೆಯ ಕಪ್ಪು ರಸ ಇಳಿಯುತ್ತಿದ್ದರೆ ಒಳಗಿನ ಆಯಿಲ್ ಸೀಲ್ ಹೋಗಿ ಡಿಫರೆನ್ಷಿಯಲ್ ಆಯಿಲ್ ಜಾಯಿಂಟಿನ ಗ್ರೀಸಿಗೆ ಬೆರೆತಿದೆ ಎಂದರ್ಥ. ಆ ಜಾಯಿಂಟ್ ಇವತ್ತಲ್ಲ ನಾಳೆ ಸದ್ದು ಮಾಡೇ ಮಾಡುತ್ತದೆ.

ಹಂತ 3: ಲಿವರ್ ಮತ್ತು ಹಬ್ ಪರೀಕ್ಷೆ

ಅಸಲಿ ಕೆಲಸ ಇದು. ಕೈಯಲ್ಲಿ ತಿರುಗಿಸುವ ಫ್ರೀ ವೀಲ್ ಹಬ್ (ಲಾಕ್ ಮಾಡಿದರೆ ಚಕ್ರವನ್ನು ಆಕ್ಸಲ್‌ಗೆ ಜೋಡಿಸುವ, ಫ್ರೀ ಮಾಡಿದರೆ ಬಿಡಿಸುವ ಹಬ್) ಇದ್ದರೆ ಪೂರ್ತಿ ಮಾಡಬಹುದು. ಟ್ರಾಫಿಕ್ ಇಲ್ಲದ ನೇರ ರಸ್ತೆ ಹುಡುಕಿ. ಪ್ರತಿ ಸಲವೂ ಒಂದೇ ರಸ್ತೆ, ಒಂದೇ ವೇಗ ಇರಲಿ. ಗಾಡಿ ನಿಲ್ಲಿಸಿಯೇ ಬದಲಾಯಿಸಿ, ಮತ್ತು ಎರಡೂ ಹಬ್‌ಗಳನ್ನು ಒಟ್ಟಿಗೇ ಬದಲಾಯಿಸಿ. ಒಂದು ಲಾಕ್, ಒಂದು ಫ್ರೀ ಬಿಟ್ಟರೆ ಪರೀಕ್ಷೆಯೂ ಕೆಡುತ್ತದೆ, ಮುಂದಿನ ಚಕ್ರ ಎಳೆಯುವುದೂ ಇಲ್ಲ.

ಮೊದಲ ಓಟ: ಹಬ್ ಫ್ರೀ, ಲಿವರ್ 2ಎಚ್. ಈಗ ಮುಂದೆ ತಿರುಗುತ್ತಿರುವುದು ಚಕ್ರ, ಹಬ್, ವೀಲ್ ಬೇರಿಂಗ್, ಬ್ರೇಕ್ ಡಿಸ್ಕ್ ಇಷ್ಟೇ. ಆಕ್ಸಲ್, ಡಿಫರೆನ್ಷಿಯಲ್, ಮುಂದಿನ ಶಾಫ್ಟ್ ಎಲ್ಲ ನಿಂತಿವೆ. ಸದ್ದು ಈಗಲೂ ಇದೆಯಾ? ಹಾಗಾದರೆ ಕ್ರೌನ್ ಪಿನಿಯನ್ ಮಾತು ಯಾರಾದರೂ ಎತ್ತಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಬೇರಿಂಗ್, ಬ್ರೇಕ್, ಟಯರ್ ಈ ಮೂರರಲ್ಲೇ ಹುಡುಕಿ.

ಎರಡನೆಯ ಓಟ: ಹಬ್ ಲಾಕ್, ಲಿವರ್ 2ಎಚ್. ಈಗ ಎಂಜಿನ್ ಮುಂದಿನದನ್ನು ಎಳೆಯುತ್ತಿಲ್ಲ, ಆದರೆ ಚಕ್ರಗಳೇ ಆಕ್ಸಲ್, ಡಿಫರೆನ್ಷಿಯಲ್, ಪ್ರೊಪೆಲ್ಲರ್ ಶಾಫ್ಟನ್ನು ತಿರುಗಿಸುತ್ತಿವೆ. ಎಲ್ಲವೂ ತಿರುಗುತ್ತಿದೆ, ಭಾರ ಮಾತ್ರ ಇಲ್ಲ. ಮೊದಲ ಓಟದಲ್ಲಿ ಇಲ್ಲದ ಸದ್ದು ಇಲ್ಲಿ ಶುರುವಾದರೆ ಕಾರಣ ಹಬ್‌ನಿಂದ ಟ್ರಾನ್ಸ್‌ಫರ್ ಕೇಸ್‌ವರೆಗೆ ಎಲ್ಲೋ ಇದೆ. ಹಂತ 1ರ ಎಣಿಕೆ ಈಗ ಉಪಯೋಗಕ್ಕೆ ಬರುತ್ತದೆ. ಎಣಿಸಲು ಆಗುತ್ತಿದ್ದರೆ ಆಕ್ಸಲ್ ಕಡೆ, ಆಗದಿದ್ದರೆ ಶಾಫ್ಟ್ ಕಡೆ. ನಿಧಾನಕ್ಕೆ ಹೋಗುವಾಗ "ಚಿಂವ್ ಚಿಂವ್" ಅಂತ ಶುರುವಾಗಿ ವೇಗದ ಜೊತೆ ಜೋರಾದರೆ ಒಣಗಿದ ಕ್ರಾಸ್ ಎಂದು ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು.

ಮೂರನೆಯ ಓಟ: ಹಬ್ ಫ್ರೀ, ಲಿವರ್ 4ಎಚ್. ಇದನ್ನು ಮಾಡುವವರು ಕಡಿಮೆ. ಈಗ ಎಂಜಿನ್ ಮುಂದಿನ ಶಾಫ್ಟನ್ನು, ಡಿಫರೆನ್ಷಿಯಲನ್ನು, ಆಕ್ಸಲನ್ನು ತಿರುಗಿಸುತ್ತದೆ. ಚಕ್ರಕ್ಕೆ ಮಾತ್ರ ಬಲ ತಲುಪುವುದಿಲ್ಲ. ಮುಂದಿನ ಚಕ್ರ ಬಿಡುಗಡೆಯಾಗಿರುವುದರಿಂದ ಡಾಂಬರಿನ ಮೇಲೂ ತೊಂದರೆಯಿಲ್ಲ. ಎರಡನೆಯ ಓಟದ ಸದ್ದು ಇಲ್ಲೂ ಇದ್ದರೆ ಶಾಫ್ಟ್, ಡಿಫರೆನ್ಷಿಯಲ್, ಜಾಯಿಂಟ್ ಇವುಗಳದ್ದೇ. ಎರಡನೆಯದರಲ್ಲಿ ಇದ್ದು ಇಲ್ಲಿ ಇಲ್ಲವಾದರೆ ಫ್ರೀ ವೀಲ್ ಹಬ್ಬಿನ ಲಾಕ್ ಬಿಚ್ಚಿ ನೋಡಿ. ಒಳಗಿನ ಹಲ್ಲು ಸವೆದು ಅರ್ಧ ಮಾತ್ರ ಕಚ್ಚಿಕೊಳ್ಳುತ್ತಿರಬಹುದು.

ನಾಲ್ಕನೆಯ ಓಟ: ಹಬ್ ಲಾಕ್, ಲಿವರ್ 4ಎಚ್. ಇದನ್ನು ಮಣ್ಣು, ಜಲ್ಲಿ ಅಥವಾ ಹುಲ್ಲಿನ ಮೇಲೆ ಮಾತ್ರ ಮಾಡಿ. ಈಗ ಭಾರ ಬಿತ್ತು. ಸಣ್ಣ ಏರಿನಲ್ಲಿ ಆಕ್ಸಿಲರೇಟರ್ ಒತ್ತಿ, ಬಿಡಿ. ಮತ್ತೆ ಒತ್ತಿ, ಬಿಡಿ. ಒತ್ತಿದಾಗ ಮಾತ್ರ "ಊಂ" ಅಂತ ಊಳಿಟ್ಟು ಬಿಟ್ಟಾಗ ನಿಂತರೆ, ಅಥವಾ ಅದರ ತಿರುವುಮುರುವಾದರೆ, ಕ್ರೌನ್ ಪಿನಿಯನ್ ಹಲ್ಲುಗಳ ಹೊಂದಾಣಿಕೆ ಕೆಟ್ಟಿದೆ. ಒತ್ತಿದರೂ ಬಿಟ್ಟರೂ ಒಂದೇ ಸಮ ಗೊರಗೊರ ಇದ್ದರೆ ಪಿನಿಯನ್ ಬೇರಿಂಗ್ ಅಥವಾ ಡಿಫರೆನ್ಷಿಯಲಿನ ಪಕ್ಕದ ಬೇರಿಂಗ್. ಚೈನ್ ಇರುವ ಟ್ರಾನ್ಸ್‌ಫರ್ ಕೇಸ್ ಆಗಿದ್ದು, ಜೋರಾಗಿ ಎಳೆಯುವಾಗ "ಢಬ್" ಅಂತ ಹಾರಿದ ಹಾಗಾದರೆ ಚೈನ್ ಸಡಿಲವಾಗಿ ಹಲ್ಲು ಬಿಟ್ಟು ಜಿಗಿಯುತ್ತಿದೆ.

ಒಮ್ಮೆ ಮಾತ್ರ "ಠಣ್" ಅನ್ನುವ ಸದ್ದು ಬೇರೆ. ರಿವರ್ಸ್‌ನಿಂದ ಮುಂದಕ್ಕೆ ಹಾಕಿದಾಗ, ಕ್ಲಚ್ ಬಿಟ್ಟಾಗ, ನಿಲ್ಲುವ ಹೊತ್ತಿಗೆ ಬರುತ್ತದೆ. ಎಲ್ಲೋ ಆಟ, ಅಂದರೆ ಸಡಿಲಿನ ಅಲುಗಾಟ, ಇದೆ ಎಂದು ಅದರ ಅರ್ಥ. ಕ್ರಾಸಿನಲ್ಲಿರಬಹುದು, ಒಣಗಿದ ಸ್ಲಿಪ್ ಜಾಯಿಂಟಿನಲ್ಲಿರಬಹುದು. ಗ್ರೀಸ್ ಗನ್ ತಂದು ನಿಪ್ಪಲ್‌ಗಳಿಗೆಲ್ಲ ಹೊಡೆಯಿರಿ, ಆದರೆ ಒಟ್ಟಿಗೇ ಬೇಡ. ಮೊದಲು ಸ್ಲಿಪ್ ಜಾಯಿಂಟಿಗೆ ಹೊಡೆದು ಒಂದು ಸುತ್ತು ಹೋಗಿ ಬನ್ನಿ, ಆಮೇಲೆ ಕ್ರಾಸಿಗೆ. ಯಾವುದಕ್ಕೆ ಗ್ರೀಸ್ ಬಿದ್ದಾಗ ಸದ್ದು ತಗ್ಗಿತೋ ಅಲ್ಲೇ ಕಾರಣ. ಸವೆದ ಕ್ರಾಸಿಗೆ ಗ್ರೀಸ್ ಔಷಧಿಯಲ್ಲ, ಸದ್ದು ಸ್ವಲ್ಪ ದಿನದಲ್ಲಿ ವಾಪಸ್ ಬರುತ್ತದೆ. ಆದರೆ ಯಾವ ಕ್ರಾಸ್ ಎಂದು ಗೊತ್ತಾಯಿತಲ್ಲ.

ಹಳೇ ಮಹೀಂದ್ರ ಜೀಪುಗಳಲ್ಲಿ ಅನೇಕಕ್ಕೆ ಫ್ರೀ ವೀಲ್ ಹಬ್ ಇರುವುದಿಲ್ಲ, ಆಕ್ಸಲ್ ಸದಾ ಚಕ್ರದ ಜೊತೆ ತಿರುಗುತ್ತಲೇ ಇರುತ್ತದೆ. ಅಂಥವಕ್ಕೆ ಎರಡು ಮತ್ತು ನಾಲ್ಕನೆಯ ಓಟಗಳಷ್ಟೇ ಸಾಧ್ಯ. ತಾನಾಗಿ ಲಾಕ್ ಆಗುವ ಹಬ್ ಇದ್ದರೂ ಅಷ್ಟೇ, ಒಂದು ಮತ್ತು ನಾಲ್ಕು ಮಾತ್ರ. ಇಂಥ ಹಬ್‌ಗಳಲ್ಲಿ ಇನ್ನೊಂದು ಸದ್ದಿದೆ: ಫೋರ್ ವೀಲ್ ಹಾಕಿದ ಕೂಡಲೇ ಚಕ್ರದ ನಡುವಿನಿಂದ ಹಲ್ಲು ಕಡಿಯುವಂಥ "ಕಟಕಟಕಟ". ಲಾಕ್ ಪೂರ್ತಿ ಕೂರುತ್ತಿಲ್ಲ. ಎಂಜಿನ್ನಿನ ವ್ಯಾಕ್ಯೂಮ್‌ನಿಂದ ಕೆಲಸ ಮಾಡುವ ಹಬ್ ಆದರೆ ಅದಕ್ಕೆ ಹೋಗುವ ಸಣ್ಣ ರಬ್ಬರ್ ಪೈಪು ಬಿರುಕು ಬಿಟ್ಟಿದೆಯಾ ನೋಡಿ. ಆ ಪೈಪಿನ ಬೆಲೆ ಏನೂ ಇಲ್ಲ, ಹಬ್ಬಿನ ಬೆಲೆ ಜೇಬಿಗೆ ಕತ್ತರಿ.

ಹಂತ 4: ಸ್ಟೇರಿಂಗ್ ಪೂರ್ತಿ ತಿರುಗಿಸಿ ನೋಡಿ

ಖಾಲಿ ಮಣ್ಣಿನ ಮೈದಾನದಲ್ಲಿ ಹಬ್ ಲಾಕ್ ಮಾಡಿ, ಲಿವರ್ 4ಎಚ್‌ಗೆ ಹಾಕಿ, ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ನಿಧಾನಕ್ಕೆ ಸುತ್ತು ಹಾಕಿ. ಆಮೇಲೆ ಬಲಕ್ಕೆ. ತಿರುಗಿಸಿದಾಗ ಮಾತ್ರ "ಟಕ್ ಟಕ್ ಟಕ್" ಬಂದು, ಆಕ್ಸಿಲರೇಟರ್ ಕೊಟ್ಟರೆ ಜೋರಾಗಿ, ನೇರ ಮಾಡಿದ ಕೂಡಲೇ ನಿಂತರೆ ಅದು ಹೊರಗಿನ ಸಿವಿ ಜಾಯಿಂಟ್. ಯಾವ ಕಡೆಯದು ಅನ್ನುವುದನ್ನು ಹೊರಗೆ ನಿಂತವರು ಒಳಗೆ ಕೂತವರಿಗಿಂತ ಚೆನ್ನಾಗಿ ಹೇಳುತ್ತಾರೆ.

ಚಕ್ರದ ಬಳಿ ಕ್ರಾಸ್ ಇರುವ ಹಳೇ ಜೀಪಿನಲ್ಲಿ ಒಂದು ಎಚ್ಚರ. ಬಾಗಿದ ಕ್ರಾಸ್ ಒಂದೇ ಸಮನಾಗಿ ತಿರುಗುವುದಿಲ್ಲ, ಒಂದು ಸುತ್ತಿಗೆ ಎರಡು ಸಲ ಜೋರಾಗಿ ಎರಡು ಸಲ ನಿಧಾನವಾಗುತ್ತದೆ. ಹಾಗಾಗಿ ಫೋರ್ ವೀಲ್‌ನಲ್ಲಿ ಪೂರ್ತಿ ತಿರುಗಿಸಿದಾಗ ಸ್ಟೇರಿಂಗ್ ಕೈಯಲ್ಲಿ ಜಗ್ಗಾಡುವುದು ಅದರ ಹುಟ್ಟುಗುಣ. ಲೋಹ ಬಡಿದ ಸದ್ದು ಬಂದರೆ ಮಾತ್ರ ತಲೆ ಕೆಡಿಸಿಕೊಳ್ಳಿ.

ವೀಲ್ ಬೇರಿಂಗ್ ಅನುಮಾನವಿದ್ದರೆ ಬೇರೆ ಪರೀಕ್ಷೆ. 40–50ರ ವೇಗದಲ್ಲಿ ಖಾಲಿ ರಸ್ತೆಯಲ್ಲಿ ಮೆಲ್ಲಗೆ ಎಡಕ್ಕೆ ಬಲಕ್ಕೆ ಓಲಾಡಿಸಿ. ಬಲಕ್ಕೆ ತಿರುಗಿದಾಗ ಭಾರ ಎಡ ಚಕ್ರದ ಮೇಲೆ ಬೀಳುತ್ತದೆ. ಆಗ ಗುಂಯ್‌ಗುಡುವಿಕೆ ಜಾಸ್ತಿಯಾದರೆ ಎಡ ಬೇರಿಂಗ್. ಓಲಾಡಿಸಿದರೂ ಸದ್ದು ಬದಲಾಗದೆ, ಡಾಂಬರಿನಿಂದ ಕಾಂಕ್ರೀಟಿಗೆ ಹೋದಾಗ ಬದಲಾದರೆ ಟಯರ್. ಏರುಪೇರಾಗಿ ಸವೆದ ದಪ್ಪ ಹಲ್ಲಿನ ಟಯರ್ ಕೆಟ್ಟ ಬೇರಿಂಗ್ ಹಾಗೇ ಕೂಗುತ್ತದೆ. ಮುಂದಿನದು ಹಿಂದಕ್ಕೆ ಹಾಕಿದರೆ ಸದ್ದೂ ಹಿಂದಕ್ಕೆ ಹೋಗುತ್ತದೆ.

ಹಂತ 5: ಜಾಕ್ ಕೊಟ್ಟು ಅಲುಗಾಡಿಸಿ

ಸಮತಟ್ಟು ಜಾಗ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು, ಜಾಕ್ ಜೊತೆ ಸ್ಟ್ಯಾಂಡ್. ಎಂಜಿನ್ ಆಫ್. ಮುಂದೆ ಮಾತ್ರ ಎತ್ತಿ ಎಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕುವ ಸಾಹಸ ಯಾವತ್ತೂ ಬೇಡ. ಹಿಂದಿನ ಚಕ್ರ ನೆಲ ಕಚ್ಚಿದ ತಕ್ಷಣ ಗಾಡಿ ಸ್ಟ್ಯಾಂಡ್ ಬಿಟ್ಟು ಹಾರುತ್ತದೆ.

ಚಕ್ರದ ಮೇಲೆ ಕೆಳಗೆ ಹಿಡಿದು ಒಳಗೆ ಹೊರಗೆ ಅಲುಗಾಡಿಸಿ. ಆಟ ಸಿಕ್ಕರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಬ್ರೇಕ್ ಒತ್ತಿದಾಗ ಆಟ ಮಾಯವಾದರೆ ಬೇರಿಂಗ್ ಸಡಿಲ. ಒತ್ತಿದರೂ ಆಟ ಉಳಿದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್ (ಚಕ್ರ ಎಡ ಬಲ ತಿರುಗುವ ಕೀಲು). ಎಡ ಬಲ ಹಿಡಿದು ಅಲುಗಾಡಿಸಿದಾಗ ಮಾತ್ರ ಆಟ ಇದ್ದರೆ ಟೈ ರಾಡ್ ಎಂಡ್ (ಸ್ಟೇರಿಂಗ್ ಸರಳಿನ ತುದಿ). ಇಷ್ಟು ಸರಳ ಪರೀಕ್ಷೆಯನ್ನು ಗ್ಯಾರೇಜುಗಳು ಯಾಕೆ ಬಿಟ್ಟುಬಿಡುತ್ತವೋ ಗೊತ್ತಿಲ್ಲ.

ಆಮೇಲೆ ಒಂದು ಕೈಯನ್ನು ಹಬ್‌ನ ಹಿಂದಿನ ಕಬ್ಬಿಣದ ಮೇಲಿಟ್ಟು ಇನ್ನೊಂದರಿಂದ ಚಕ್ರ ತಿರುಗಿಸಿ. ಕೆಟ್ಟ ಬೇರಿಂಗ್ ಕಿವಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ, ಮರಳಿನ ಮೇಲೆ ಉರುಳಿದ ಹಾಗೆ ತರಿತರಿ. ಪ್ರೊಪೆಲ್ಲರ್ ಶಾಫ್ಟನ್ನು ಕ್ರಾಸಿನ ಹತ್ತಿರ ಹಿಡಿದು ತಿರುಚಿ. ಕ್ರಾಸಿನ ಒಂದು ಕಡೆ ಅಲುಗಿ ಇನ್ನೊಂದು ಕಡೆ ತಡವಾಗಿ ಅಲುಗಿದರೆ ಅದು ಮುಗಿದಿದೆ. ಪಿನಿಯನ್ ಬಾಯಿಯ ಫ್ಲ್ಯಾಂಜನ್ನು (ಶಾಫ್ಟ್ ಬೋಲ್ಟ್ ಆಗುವ ಬಿಲ್ಲೆ) ಮೇಲೆ ಕೆಳಗೆ ಎತ್ತಿ ನೋಡಿ. ತಿರುಗುವಾಗ ಸ್ವಲ್ಪ ಆಟ ಇರಬೇಕಾದ್ದೇ, ಮೇಲೆ ಕೆಳಗೆ ಆಟ ಇರಲೇಬಾರದು.

ಹಂತ 6: ಆಯಿಲ್ ಹೇಳುವುದನ್ನು ಕೇಳಿ

ಹಳ್ಳ ದಾಟುವ ಗಾಡಿಗಳಿಗೆ ಇದು ಕಡ್ಡಾಯ. ಓಡಿ ಬಿಸಿಯಾದ ಹೌಸಿಂಗ್ ತಣ್ಣನೆಯ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿನ ಬ್ರೀದರ್ (ಗಾಳಿಯಾಡುವ ಸಣ್ಣ ಕಿಂಡಿ) ಕೆಸರಿನಿಂದ ಮುಚ್ಚಿಹೋಗಿದ್ದರೆ ಅದು ಸೀಲುಗಳ ಸಂದಿಯಿಂದ ನೀರನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಡ್ರೈನ್ ಪ್ಲಗ್ ತೆಗೆದಾಗ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕಿದ್ದರೆ ನೀರು ಸೇರಿದೆ, ಬೇರಿಂಗುಗಳು ತುಕ್ಕು ಹಿಡಿಯುತ್ತಿವೆ. ಮ್ಯಾಗ್ನೆಟ್ ಇರುವ ಪ್ಲಗ್ ಆದರೆ ಅದಕ್ಕೆ ಅಂಟಿದ ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಮಾಮೂಲಿ ಸವೆತ. ಉಗುರಿಗೆ ಸಿಗುವಂಥ ಚೂರು ಕಂಡರೆ ಹಲ್ಲು ಅಥವಾ ಬೇರಿಂಗ್ ಮುರಿಯುತ್ತಿದೆ, ಇನ್ನು ಓಡಿಸಿ ನೋಡುವ ಮಾತಿಲ್ಲ.

ಹಾಕುವಾಗ ಕಂಪನಿಯ ಪುಸ್ತಕದಲ್ಲಿ ಹೇಳಿದ ಗ್ರೇಡೇ ಇರಲಿ. ಡಿಫರೆನ್ಷಿಯಲಿಗೆ ಸಾಮಾನ್ಯವಾಗಿ ಜಿಎಲ್-5 ದರ್ಜೆಯ ಗೇರ್ ಆಯಿಲ್. ಅದೇ ಡಬ್ಬದಿಂದ ಗೇರ್ ಬಾಕ್ಸಿಗೂ ಸುರಿಯುವ ಅಭ್ಯಾಸ ಕೆಲವು ಕಡೆ ಇದೆ. ಪುಸ್ತಕ ಜಿಎಲ್-4 ಅಂದಿದ್ದರೆ ಅದು ಬೇಡ, ಒಳಗಿನ ಹಿತ್ತಾಳೆ ರಿಂಗುಗಳಿಗೆ ಅದು ಆಗಿಬರುವುದಿಲ್ಲ.

ಸದ್ದು ಹೌದು, ರೋಗ ಅಲ್ಲ

ಒಣ ಡಾಂಬರಿನ ಮೇಲೆ ಫೋರ್ ವೀಲ್ ಹಾಕಿ ತಿರುಗಿಸಿದರೆ ಸ್ಟೇರಿಂಗ್ ಬಿಗಿಯಾಗಿ, ಟಯರ್ ಕುಪ್ಪಳಿಸಿ, ಧಡ್ ಧಡ್ ಸದ್ದು ಬರುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗಬೇಕು. ಈ ಗಾಡಿಗಳಲ್ಲಿ ಎರಡೂ ಶಾಫ್ಟುಗಳು ಒಂದಕ್ಕೊಂದು ಕಟ್ಟಿಹಾಕಿರುವುದರಿಂದ ಹೋಗಲು ಆಗುವುದಿಲ್ಲ, ಆ ಜಗ್ಗಾಟ ಶಾಫ್ಟುಗಳಲ್ಲಿ ತುಂಬಿಕೊಳ್ಳುತ್ತದೆ. ಲಿವರ್ 2ಎಚ್‌ಗೆ ಬಾರದೆ ಕಚ್ಚಿಕೊಂಡರೆ ಒದೆಯಬೇಡಿ. ನೇರ ರಿವರ್ಸ್‌ನಲ್ಲಿ ಕೆಲವು ಮೀಟರ್ ಹೋಗಿ, ಬಿಡುತ್ತದೆ. ಹಿಂದೆ ಮಾತ್ರ ಹೊಸ ಟಯರ್ ಹಾಕಿ ಮುಂದೆ ಸವೆದದ್ದು ಬಿಟ್ಟವರಿಗೆ ಇದೇ ಜಗ್ಗಾಟ ನೇರ ರಸ್ತೆಯಲ್ಲೂ ಬರುತ್ತದೆ. ಬಹಳ ಜನ ಇದನ್ನು ಡಿಫರೆನ್ಷಿಯಲ್ ಕಾಯಿಲೆ ಅಂದುಕೊಂಡು ದುಡ್ಡು ಸುರಿದಿದ್ದಾರೆ.

ಹಳೇ ಜೀಪು, ಜಿಪ್ಸಿಗಳ ಟ್ರಾನ್ಸ್‌ಫರ್ ಕೇಸ್ ಗೇರ್‌ಗಳು ಸ್ವಲ್ಪ ಕೂಗುವುದೂ ಮಾಮೂಲಿ. ಅದೇ ಮಾದರಿಯ ಇನ್ನೊಂದು ಗಾಡಿಯಲ್ಲಿ ಕೂತು ಬನ್ನಿ, ಎಷ್ಟು ಸದ್ದು ಸಹಜ ಎಂದು ಗೊತ್ತಾಗುತ್ತದೆ.

ಓಡಿಸಬಹುದಾ, ನಿಲ್ಲಿಸಬೇಕಾ

ತಿರುವಿನಲ್ಲಿ ಟಕಟಕ ಅನ್ನುವ ಸಿವಿ ಜಾಯಿಂಟ್ ಇದ್ದರೆ, ಹಬ್ ಫ್ರೀ ಮಾಡಿ ನಿಧಾನಕ್ಕೆ ಊರು ಸೇರಬಹುದು. ಆಟ ಬಂದ ವೀಲ್ ಬೇರಿಂಗ್, ಮೇಲೆ ಕೆಳಗೆ ಅಲುಗುವ ಪಿನಿಯನ್, ಚೂರು ಬಂದ ಆಯಿಲ್ ಇವುಗಳಿದ್ದರೆ ಗಾಡಿ ಅಲ್ಲೇ ನಿಲ್ಲಲಿ.

ಸವೆದ ಕ್ರಾಸನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅದು ತುಂಡಾಗಿ ಶಾಫ್ಟಿನ ಮುಂದಿನ ತುದಿ ನೆಲಕ್ಕೆ ಬಿದ್ದರೆ ರಸ್ತೆಗೆ ಚುಚ್ಚಿಕೊಳ್ಳುತ್ತದೆ. ಎರಡೂ ತುದಿ ಫ್ಲ್ಯಾಂಜ್ ಬೋಲ್ಟ್ ಅಥವಾ ಪಟ್ಟಿಯಿಂದ ಕೂರಿಸಿದ ಶಾಫ್ಟ್ ಆದರೆ ಅದನ್ನೇ ಪೂರ್ತಿ ಬಿಚ್ಚಿ ಗಾಡಿಯೊಳಗೆ ಹಾಕಿಕೊಂಡು 2ಎಚ್‌ನಲ್ಲಿ ಮನೆಗೆ ಬರಬಹುದು. ಬರುವ ದಾರಿಯಲ್ಲೇ ಇನ್ನೊಂದು ಪರೀಕ್ಷೆಯೂ ಮುಗಿಯುತ್ತದೆ. ಹಬ್ ಲಾಕ್ ಮಾಡಿ ಸ್ವಲ್ಪ ದೂರ ಓಡಿಸಿ: ಸದ್ದು ಹೋಗಿದ್ದರೆ ಶಾಫ್ಟ್ ಅಥವಾ ಟ್ರಾನ್ಸ್‌ಫರ್ ಕೇಸ್, ಉಳಿದಿದ್ದರೆ ಡಿಫರೆನ್ಷಿಯಲ್ ಅಥವಾ ಆಕ್ಸಲ್. ಬಿಚ್ಚುವ ಮೊದಲು ಫ್ಲ್ಯಾಂಜಿಗೂ ಶಾಫ್ಟಿಗೂ ಸೇರುವಂತೆ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ, ಸ್ಲಿಪ್ ಜಾಯಿಂಟಿನ ಎರಡೂ ತುಂಡಿಗೆ ಅಡ್ಡಲಾಗಿ ಇನ್ನೊಂದು. ವಾಪಸ್ ಕೂರಿಸುವಾಗ ಗೆರೆ ತಪ್ಪಿದರೆ ಶಾಫ್ಟ್ ಅದುರಲು ಶುರುವಾಗುತ್ತದೆ, ಮತ್ತೆ ಹಂತ 1ರಿಂದ ಹುಡುಕಬೇಕಾಗುತ್ತದೆ.